ಸಜ್ಜಾ ಅಡಿಯ ಕಂದು ಗೆರೆಗೆ ಪುಟ್ಟಿ ಹಚ್ಚಬೇಡಿ

ಮಳೆಗಾಲ ಮುಗಿದು, ನವರಾತ್ರಿ ದೀಪಾವಳಿ ಹೊತ್ತಿಗೆ ಮನೆಗೆ ಬಣ್ಣ ಹೊಡೆಸುವಾಗ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಂದೇ ಕೆಲಸ ನಡೆಯುತ್ತದೆ. ಸಜ್ಜಾದ ಅಡಿಯಲ್ಲಿ, ಬಾಲ್ಕನಿಯ ಅಂಚಿನಲ್ಲಿ, ಬಚ್ಚಲಿನ ಮೇಲಿನ ಸ್ಲ್ಯಾಬಿನಲ್ಲಿ ಉದ್ದಕ್ಕೆ ಒಂದು ಕಂದು ಗೆರೆ ಕಾಣಿಸಿಕೊಂಡಿರುತ್ತದೆ. ಪೇಂಟರ್ ಅದನ್ನು ಕೆರೆದು, ಪುಟ್ಟಿ ಹಚ್ಚಿ, ಮೇಲೆ ಎರಡು ಕೋಟ್ ಎಳೆದು ಹೋಗುತ್ತಾರೆ. ಗೋಡೆ ಹೊಸತಾಗಿ ಕಾಣುತ್ತದೆ, ಮನೆಯವರಿಗೂ ಸಮಾಧಾನ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಗೆರೆ, ಈ ಸಲ ಬಿರುಕಿನ ಜತೆಗೆ. ಆಮೇಲೆ ಒಂದು ದಿನ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಕೆಳಗೆ ಬೀಳುತ್ತದೆ.

ನಾನು ಉಡುಪಿ, ಕುಂದಾಪುರ ಕಡೆ ಹಳೆ ಮನೆಗಳ ರಿಪೇರಿ ನೋಡುವ ಸಿವಿಲ್ ಎಂಜಿನಿಯರ್. ಫೋನಿನಲ್ಲಿ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. "ಸಾರ್, ಸ್ಲ್ಯಾಬಿನಲ್ಲಿ ಸ್ವಲ್ಪ ತುಕ್ಕು ಉಂಟು, ಎಂತ ಹಚ್ಚಬೇಕು?" ಹಚ್ಚುವುದರಿಂದ ಹೋಗುವ ಕಾಯಿಲೆ ಇದಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಫೋನಿನಲ್ಲಿ ಪೂರ್ತಿ ವಿವರಿಸಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಕಾಂಕ್ರೀಟಿನೊಳಗೆ ಕಂಬಿಗೆ ಸಾಮಾನ್ಯವಾಗಿ ತುಕ್ಕು ಹಿಡಿಯುವುದೇ ಇಲ್ಲ. ಸಿಮೆಂಟು ನೀರಿನ ಜತೆ ಸೇರಿ ಗಟ್ಟಿಯಾಗುವಾಗ ಒಳಗೆ ಸುಣ್ಣ ಹುಟ್ಟುತ್ತದೆ. ಹಾಗಾಗಿ ಕಾಂಕ್ರೀಟಿನ ಒಳಗಿನ ತೇವ ಬಹಳ ಕ್ಷಾರ, ಪಿಎಚ್ 12.5ರಿಂದ 13ರ ಆಸುಪಾಸು. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಒಂದು ಪೊರೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಇರುವವರೆಗೆ ನೀರು, ಗಾಳಿ ಎರಡೂ ಮುಟ್ಟಿದರೂ ಕಂಬಿಗೆ ಏನೂ ಆಗುವುದಿಲ್ಲ.

ಆ ಪೊರೆ ಹೋಗುವುದು ಮುಖ್ಯವಾಗಿ ಎರಡು ದಾರಿಯಿಂದ. ಒಂದು ಗಾಳಿ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳಲ್ಲಿ ನಿಧಾನವಾಗಿ ಒಳಗಿಳಿಯುತ್ತದೆ, ಅಲ್ಲಿನ ಸುಣ್ಣವನ್ನು ಸುಣ್ಣಕಲ್ಲಾಗಿ ಮಾಡುತ್ತದೆ, ಪಿಎಚ್ 9ಕ್ಕಿಂತ ಕೆಳಗೆ ಬರುತ್ತದೆ. ಇದಕ್ಕೆ ಕಾರ್ಬೊನೇಷನ್ ಎನ್ನುತ್ತಾರೆ. ಇನ್ನೊಂದು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಕಂಬಿಯವರೆಗೆ ಮುಟ್ಟಿತೆಂದರೆ ಕ್ಷಾರ ಎಷ್ಟಿದ್ದರೂ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತದೆ. ಗಾಳಿಯಿಂದ ಬಂದ ತುಕ್ಕು ಕಂಬಿಯ ಸುತ್ತ ಹೆಚ್ಚುಕಡಿಮೆ ಸಮವಾಗಿ ತಿನ್ನುತ್ತದೆ, ಉಪ್ಪಿನಿಂದ ಬಂದದ್ದು ಒಂದೇ ಕಡೆ ಗುಳಿ ಕೊರೆದು ತಿನ್ನುತ್ತದೆ. ಎರಡನೆಯದೇ ಜಾಸ್ತಿ ಅಪಾಯ, ಯಾಕೆಂದರೆ ಈ ಕೆಲಸದಲ್ಲಿ ಕ್ಲೋರೈಡ್ ಖರ್ಚಾಗುವುದಿಲ್ಲ. ಕಬ್ಬಿಣವನ್ನು ಕರಗಿಸಿ, ಬಿಟ್ಟು, ಮತ್ತೆ ಅದೇ ಕೆಲಸಕ್ಕೆ ಹೋಗುತ್ತದೆ.

ತುಕ್ಕು ಹುಟ್ಟಿದರೆ ಅದಕ್ಕೆ ಜಾಗ ಬೇಕಲ್ವಾ? ಕರಗಿದ ಕಬ್ಬಿಣಕ್ಕಿಂತ ತುಕ್ಕಿನ ಗಾತ್ರ ಎರಡರಿಂದ ಆರು ಪಟ್ಟು ಜಾಸ್ತಿ. ಕಾಂಕ್ರೀಟು ಒತ್ತುವುದನ್ನು ತಡೆದುಕೊಳ್ಳುತ್ತದೆ, ಎಳೆಯುವುದನ್ನು ತಡೆಯುವುದಿಲ್ಲ. ಒಳಗಿನಿಂದ ಉಬ್ಬುವ ಕಂಬಿ ಕಾಂಕ್ರೀಟನ್ನು ಸೀಳುತ್ತದೆ, ಆ ಸೀಳು ಕಂಬಿ ಇರುವ ಗೆರೆಯಲ್ಲೇ ಬರುತ್ತದೆ. ಅದಕ್ಕೇ ಹೇಳುವುದು: ಪ್ಲಾಸ್ಟರಿನ ಅಡ್ಡಾದಿಡ್ಡಿ ಕೂದಲು ಬಿರುಕು ಬೇರೆ, ಒಂದೇ ಸಮನೆ ನೆಟ್ಟಗೆ ಓಡುವ, ಅಂಚಿನಲ್ಲಿ ಕಂದು ಬಣ್ಣ ಇರುವ ಬಿರುಕು ಬೇರೆ. ಎರಡನೆಯದು ಕಂಡರೆ ಬಣ್ಣದ ಡಬ್ಬಿ ಕೆಳಗಿಡಿ.

ಈಗ ಕರಾವಳಿಯ ಮಾತು. ಇಲ್ಲಿ ಸಮುದ್ರದ ಗಾಳಿ ಉಪ್ಪನ್ನು ಹೊತ್ತು ತರುತ್ತದೆ, ಅದು ಗೊತ್ತಿರುವ ವಿಷಯ. ಗಾಳಿಗಿಂತ ಮೊದಲೇ ನಾವೇ ಕೈಯಾರೆ ಉಪ್ಪನ್ನು ಕಾಂಕ್ರೀಟಿಗೆ ಹಾಕುತ್ತೇವೆ ಎನ್ನುವುದು ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಮಳೆ ಶುರುವಾಗುವ ಮೊದಲು ಸ್ಲ್ಯಾಬ್ ಮುಗಿಸಬೇಕು ಎಂದು ಎಲ್ಲರೂ ಏಪ್ರಿಲ್, ಮೇ ತಿಂಗಳಲ್ಲಿ ಓಡಾಡುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಕಡಲತಡಿಯ, ಹೊಳೆಬದಿಯ ಬಾವಿಗಳ ನೀರು ಉಪ್ಪಾಗುತ್ತದೆ. ಕುಡಿಯಲು ಟ್ಯಾಂಕರ್ ತರಿಸುತ್ತಾರೆ, ಕಾಂಕ್ರೀಟಿಗೆ ಮಾತ್ರ ಬಾವಿಗೆ ಪಂಪ್ ಇಳಿಸುತ್ತಾರೆ. "ಕಲಸಲಿಕ್ಕೆ ತಾನೇ, ಸಾಕು" ಅಂತ. ಕಂಬಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಸಮುದ್ರದ ನೀರಿನಲ್ಲಿ ಅದು ಲೀಟರಿಗೆ ಸುಮಾರು 19,000 ಮಿಲಿಗ್ರಾಂ. ಅಂದರೆ ನೂರು ಲೀಟರ್ ಸಿಹಿ ನೀರಿಗೆ ಬರೀ ಮೂರು ಲೀಟರ್ ಸಮುದ್ರದ ನೀರು ಸೇರಿದರೂ ಮಿತಿ ದಾಟಿತು! ನಾಲಿಗೆಯಲ್ಲಿ ರುಚಿ ನೋಡಿ ನಿರ್ಧರಿಸುವ ವಿಷಯ ಅಲ್ಲ ಇದು, ಲ್ಯಾಬಿಗೆ ಒಂದು ಬಾಟಲಿ ನೀರು ಕೊಟ್ಟು ಕ್ಲೋರೈಡ್ ಎಷ್ಟು ಎಂದು ಬರೆಸಿಕೊಳ್ಳಿ. ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟ್ ಒಣಗದಂತೆ ನೆನೆಸಿಡಲು ಹಾಕುವ ನೀರಿಗೂ ಇದೇ ಮಾತು. ಅಳಿವೆಯ ಹತ್ತಿರ ತೆಗೆದ ಮರಳೂ ಹಾಗೇ, ಸಿಹಿ ನೀರಿನಲ್ಲಿ ತೊಳೆಯದೆ ಬಳಸಿದರೆ ಮೊದಲ ದಿನದಿಂದಲೇ ಉಪ್ಪು ಕಂಬಿಯ ಪಕ್ಕದಲ್ಲಿ ಕೂತಿರುತ್ತದೆ, ಹೊರಗಿನಿಂದ ಬರುವವರೆಗೆ ಕಾಯುವ ಕೆಲಸವೂ ಇಲ್ಲ.

ಸಮುದ್ರದೊಳಗೆ ಪೂರ್ತಿ ಮುಳುಗಿರುವ ಕಂಬಕ್ಕಿಂತ, ಭರತ ಇಳಿತದಲ್ಲಿ ನೆನೆದು ಒಣಗುವ ಭಾಗ ಬೇಗ ಹಾಳಾಗುತ್ತದೆ. ಮುಳುಗಿದ ಕಡೆ ಉಪ್ಪು ಬೇಕಾದಷ್ಟಿದೆ, ಆಮ್ಲಜನಕ ಸಾಕಷ್ಟಿಲ್ಲ. ಅಲೆ ಸಿಡಿಯುವ ಜಾಗದಲ್ಲಿ ಎರಡೂ ಇದೆ. ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈನಲ್ಲಿ ಕುಸಿದು ಬಿದ್ದಾಗ ಅದಕ್ಕೆ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಾಂಕ್ರೀಟಿನೊಳಗಿನ ಉಕ್ಕಿಗೆ ತುಕ್ಕು ಹಿಡಿದರೆ ಏನಾಗಬಹುದು ಎಂಬ ಪಾಠದಲ್ಲಿ ಇವತ್ತಿಗೂ ಅದರ ಹೆಸರು ಬರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದಾಗ ಎಲ್ಲರೂ ಸೇತುವೆಗಳ ಬಗ್ಗೆ ಮಾತಾಡಿದರು, ಮಾತಾಡಲೇಬೇಕಿತ್ತು. ಆದರೆ ನಾವು ದಿನಾ ಮಲಗುವುದು ನಮ್ಮ ಮನೆಯ ಸ್ಲ್ಯಾಬಿನ ಕೆಳಗೆ. ಅದನ್ನು ಪರೀಕ್ಷೆ ಮಾಡಲು ಯಾವ ಇಲಾಖೆಯೂ ಬರುವುದಿಲ್ಲ.

ನನ್ನ ಅನುಭವದಲ್ಲಿ ಮನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಕವರಿನ ವಿಷಯದಲ್ಲಿ. ಕವರ್ ಅಂದರೆ ಕಂಬಿಯ ಹೊರಮೈಯಿಂದ ಕಾಂಕ್ರೀಟಿನ ಹೊರಮೈವರೆಗೆ ಇರುವ ದಪ್ಪ. ಐಎಸ್ 456ರ ಪ್ರಕಾರ ಒಳನಾಡಿನಲ್ಲಿ ಮಳೆಬಿಸಿಲು ಮುಟ್ಟದ ಕಡೆ ಇದು 20 ಮಿ.ಮೀ. ಇದ್ದರೆ ನಡೆಯುತ್ತದೆ. ಕರಾವಳಿಯ ಗಾಳಿಗೆ ತೆರೆದಿಟ್ಟ ಕಾಂಕ್ರೀಟಿಗೆ 45 ಮಿ.ಮೀ. ಬೇಕು, ಸಮುದ್ರದ ನೀರು ಸಿಡಿಯುವ ಕಡೆ 50, ಭರತ ಇಳಿತದ ಜಾಗದಲ್ಲಿ 75. ಕಾಂಕ್ರೀಟಿನ ಗುಣಮಟ್ಟವೂ ಹಾಗೇ ಏರಬೇಕು, ಕರಾವಳಿಗೆ ಎಂ30 (ಎಂ ಮುಂದಿನ ಅಂಕಿ ಜಾಸ್ತಿಯಾದಷ್ಟೂ ಕಾಂಕ್ರೀಟ್ ಗಟ್ಟಿ). ಇಲ್ಲಿ ಕಡಲಿಗೆ ಕೂಗಳತೆಯಲ್ಲಿರುವ ಮನೆಗೂ ಎಂ20, 20 ಮಿ.ಮೀ. ಎಂದು ಬರೆದ ಡ್ರಾಯಿಂಗ್ ನೋಡಿದ್ದೇನೆ. ಬೆಂಗಳೂರಿನ ಮನೆಗೆ ಮಾಡಿದ್ದನ್ನೇ ತಂದು ಮಲ್ಪೆಯಲ್ಲಿ ಹಾಕಿದರೆ ಹೇಗೆ?

ಡ್ರಾಯಿಂಗಿನಲ್ಲಿ ಎಷ್ಟೇ ಇರಲಿ, ಸೈಟಿನಲ್ಲಿ ಏನಾಗುತ್ತದೆ ನೋಡಿ. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಹಾಕಲು ಅಡಿಗೆ ಕಟ್ಟುವ ಹಲಗೆಯ ಮೇಲೆ ಕಂಬಿ ಕಟ್ಟುತ್ತಾರೆ. ಕಂಬಿಯನ್ನು ಹಲಗೆಯಿಂದ ಬೇಕಾದಷ್ಟು ಎತ್ತಿ ಹಿಡಿಯುವ ಸಣ್ಣ ಕವರ್ ಬ್ಲಾಕ್ ತರಿಸಿರುವುದಿಲ್ಲ, ಅಡಿಗೆ ಜಲ್ಲಿ ಚೂರು ಸಿಕ್ಕಿಸುತ್ತಾರೆ. ಎಲೆಕ್ಟ್ರಿಷಿಯನ್ ಬಂದು ಪೈಪ್ ಹಾಕಲು ಕಂಬಿ ಎತ್ತಿ ಇಳಿಸುತ್ತಾನೆ, ಜಲ್ಲಿ ಜಾರುತ್ತದೆ. ಬೆಳಿಗ್ಗೆ ಕಾಂಕ್ರೀಟ್ ಶುರುವಾಗುತ್ತದೆ, ಬಾಣಲೆ ಹೊತ್ತವರು ಅದೇ ಕಂಬಿಯ ಮೇಲೆ ದಿನವಿಡೀ ಓಡಾಡುತ್ತಾರೆ. ಸಂಜೆಯಷ್ಟರಲ್ಲಿ ಅಡಿಯ ಕಂಬಿ ಹಲಗೆಗೆ ಅಂಟಿಕೊಂಡಿರುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಅಲ್ಲಲ್ಲಿ ಕಂಬಿಯ ಬೆನ್ನು ಕಾಣುತ್ತದೆ. ಕೇಳಿದರೆ ಮೇಸ್ತ್ರಿ ಹೇಳುವುದು ಒಂದೇ ಮಾತು: "ಎಂತ ಆಗೂದಿಲ್ಲ ಮಾರಾಯ್ರೇ, ಮೇಲಿಂದ ಪ್ಲಾಸ್ಟರ್ ಬರ್ತದಲ್ಲ." ಪ್ಲಾಸ್ಟರ್ ಕವರಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಕಾಂಕ್ರೀಟಿಗಿಂತ ಜಾಸ್ತಿ ತೂತಿರುವ ಗಾರೆ, ಗಾಳಿ ಮತ್ತು ಉಪ್ಪು ಅದರಲ್ಲಿ ಸುಲಭವಾಗಿ ಹಾದುಹೋಗುತ್ತವೆ.

ಸ್ವಲ್ಪ ಕಡಿಮೆಯಾದರೆ ಏನಂತೆ ಎನ್ನುವವರಿಗೆ ಒಂದು ಲೆಕ್ಕ. ಕಾರ್ಬೊನೇಷನ್ ಒಳಗಿಳಿಯುವುದು ವರ್ಗಮೂಲದ ಲೆಕ್ಕದಲ್ಲಿ. ಒಂದು ಕಾಂಕ್ರೀಟಿನಲ್ಲಿ 4 ವರ್ಷಕ್ಕೆ 10 ಮಿ.ಮೀ. ಇಳಿಯಿತು ಅಂದುಕೊಳ್ಳಿ. 20 ಮಿ.ಮೀ. ಇಳಿಯಲು 8 ವರ್ಷ ಅಲ್ಲ, 16 ವರ್ಷ ಬೇಕು. 30ಕ್ಕೆ 36 ವರ್ಷ. ಇದನ್ನೇ ತಿರುಗಿಸಿ ನೋಡಿದರೆ ಹೆದರಿಕೆಯಾಗುತ್ತದೆ. ಕವರ್ ಅರ್ಧ ಕಡಿಮೆಯಾದರೆ ಕಂಬಿಗೆ ರಕ್ಷಣೆ ಸಿಗುವ ವರ್ಷಗಳು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತವೆ. ಉಪ್ಪು ಹೊರಗಿನಿಂದ ಇಳಿಯುವ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. ಕಂಬಿಯ ಕೆಳಗೆ ಸರಿಯಾಗಿ ಕೂರಿಸಿದ ಒಂದು ಕವರ್ ಬ್ಲಾಕ್, ಅದೂ ಕಂಬಿಗೆ ತಂತಿಯಿಂದ ಕಟ್ಟಿದ್ದು, ಇಷ್ಟು ವರ್ಷ ಉಳಿಸಿಕೊಡುತ್ತದೆ. ಇಡೀ ಮನೆಯ ಖರ್ಚಿನಲ್ಲಿ ಅದರ ಬೆಲೆ ಲೆಕ್ಕಕ್ಕೇ ಸಿಗುವುದಿಲ್ಲ.

ಸಜ್ಜಾ, ಬಾಲ್ಕನಿ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವು ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ಸ್ಲ್ಯಾಬುಗಳು. ಅವುಗಳಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಗಡೆ. ಎಷ್ಟೋ ಸಜ್ಜಾಗಳಲ್ಲಿ ಅಡಿಗೆ ಬೇರೆ ಕಂಬಿ ಕೊಟ್ಟೇ ಇರುವುದಿಲ್ಲ. ಹಾಗಿರುವಾಗ ಅಡಿಯಲ್ಲಿ ತುಕ್ಕಿನ ಗೆರೆ ಕಂಡರೆ, ಕಾಂಕ್ರೀಟ್ ಹಾಕುವಾಗ ಮೇಲಿನ ಕಂಬಿ ತುಳಿತಕ್ಕೆ ಸಿಕ್ಕಿ ಅಡಿಗೆ ಇಳಿದಿದೆ ಎಂದು ಅರ್ಥ. ಅಲ್ಲಿ ತುಕ್ಕಿನ ಕಥೆ ಆಮೇಲೆ, ಆ ಸಜ್ಜಾಕ್ಕೆ ಮೊದಲ ದಿನದಿಂದಲೇ ಸರಿಯಾದ ಬಲ ಇಲ್ಲ. ಅದರ ಕೆಳಗೆ ಮಕ್ಕಳು ಆಡುವುದನ್ನು ಅವತ್ತೇ ನಿಲ್ಲಿಸಿ.

ಹಳೆ ಮನೆ ನೋಡಲು ಹೋದಾಗ ನಾನು ಒಯ್ಯುವ ಸಾಮಾನು ದೊಡ್ಡದೇನಲ್ಲ. ಒಂದು ಸಣ್ಣ ಸುತ್ತಿಗೆ, ಉಳಿ, ಕಂಬಿಯ ದಪ್ಪ ಅಳೆಯುವ ಕ್ಯಾಲಿಪರ್, ಮತ್ತು ಸ್ಪ್ರೇ ಬಾಟಲಿಯಲ್ಲಿ ಫಿನಾಲ್ಫ್ತಲೀನ್ ದ್ರಾವಣ. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿದವರಿಗೆಲ್ಲ ಅದು ಗೊತ್ತು. ಸುತ್ತಿಗೆಯಿಂದ ಸ್ಲ್ಯಾಬಿನ ಅಡಿಯನ್ನು ತಟ್ಟುತ್ತಾ ಹೋದರೆ ಗಟ್ಟಿ ಇರುವ ಕಡೆ ಠಣ್ ಎನ್ನುತ್ತದೆ, ಒಳಗೆ ಪದರ ಬಿಟ್ಟಿರುವ ಕಡೆ ಡಬ್ ಡಬ್ ಎನ್ನುತ್ತದೆ. ಹೊರಗೆ ಬಿರುಕೇ ಇಲ್ಲದ ಜಾಗವೂ ಎಷ್ಟೋ ಸಲ ಡಬ್ ಎನ್ನುವುದುಂಟು. ಅಂಥ ಕಡೆ ಒಂದು ತುಂಡು ಒಡೆದು, ಧೂಳು ಊದಿ, ಹೊಸದಾಗಿ ಒಡೆದ ಆ ಮೈಗೆ ದ್ರಾವಣ ಸಿಂಪಡಿಸಬೇಕು. ಕೆಲವೇ ಕ್ಷಣದಲ್ಲಿ ಕ್ಷಾರ ಉಳಿದಿರುವ ಒಳಭಾಗ ಗಾಢ ಗುಲಾಬಿಯಾಗುತ್ತದೆ. ಹೊರಗಿನ ಒಂದು ಪಟ್ಟಿ ಮಾತ್ರ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿಯೇ ಕಾರ್ಬೊನೇಷನ್ ಆದ ಭಾಗ, ಅಲ್ಲಿ ಕಂಬಿಗೆ ರಕ್ಷಣೆ ಇಲ್ಲ. ಸ್ಕೇಲ್ ಇಟ್ಟು ಅಳೆದರೆ ಆಳ ಸಿಕ್ಕಿತು. ಕಂಬಿ ಗುಲಾಬಿ ಭಾಗದಲ್ಲಿದ್ದರೆ ಗಾಳಿಯ ಕಡೆಯಿಂದ ಭಯ ಇಲ್ಲ. ಎಷ್ಟೋ ಸ್ಲ್ಯಾಬುಗಳಲ್ಲಿ ಕಂಬಿ ಪೂರ್ತಿ ಬೂದು ಪಟ್ಟಿಯೊಳಗೇ ಇರುತ್ತದೆ, ತುಕ್ಕಿನ ಹಾಳೆಗಳು ಉಗುರಿನಲ್ಲಿ ಎಬ್ಬಿದರೆ ಒಂದೊಂದೇ ಏಳುತ್ತವೆ. ಮನೆಯವರಿಗೆ ಇದನ್ನು ಕಣ್ಣೆದುರೇ ತೋರಿಸಿದ ಮೇಲೆ ಪುಟ್ಟಿಯ ಮಾತು ಬರುವುದಿಲ್ಲ. ಒಂದೇ ಎಚ್ಚರಿಕೆ: ಈ ದ್ರಾವಣ ಉಪ್ಪನ್ನು ತೋರಿಸುವುದಿಲ್ಲ. ಗುಲಾಬಿ ಬಂದರೂ ಕಂಬಿಯಲ್ಲಿ ಗುಳಿ ಬಿದ್ದಿದ್ದರೆ ಕಾಂಕ್ರೀಟಿನ ಪುಡಿಯನ್ನು ಕ್ಲೋರೈಡ್ ಪರೀಕ್ಷೆಗೆ ಕಳಿಸಲೇಬೇಕು.

ಇನ್ನು ರಿಪೇರಿ. ಇಲ್ಲಿ ನನಗೆ ನಿಜವಾಗಿ ಬೇಸರವಾಗುತ್ತದೆ, ಯಾಕೆಂದರೆ ಜನ ಒಳ್ಳೆಯ ಮನಸ್ಸಿನಿಂದ ದುಡ್ಡು ಖರ್ಚು ಮಾಡಿ ಮನೆಯನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಮಾಡುವುದೇನು? ಚಕ್ಕೆ ಎದ್ದ ಜಾಗವನ್ನಷ್ಟೇ ಒಡೆದು, ಕಂಬಿಯ ಕೆಳಮೈ ಉಜ್ಜಿ, ಸಿಮೆಂಟ್ ಹಾಲು ಬಳಿದು, ಗಾರೆ ತುಂಬುತ್ತಾರೆ. ಕಂಬಿಯ ಮೇಲ್ಮೈ ಹಳೆಯ, ಉಪ್ಪು ತುಂಬಿದ ಕಾಂಕ್ರೀಟಿಗೇ ಅಂಟಿಕೊಂಡಿರುತ್ತದೆ. ಅರ್ಧ ಮೈ ಹೊಸತರಲ್ಲಿ, ಅರ್ಧ ಮೈ ಹಳೆಯದರಲ್ಲಿ.

ತುಕ್ಕು ಅಂದರೆ ವಿದ್ಯುತ್ತಿನ ಆಟ. ಒಂದೇ ಕಂಬಿಯ ಒಂದು ಜಾಗದಲ್ಲಿ ಕಬ್ಬಿಣ ಕರಗುತ್ತದೆ, ಅದು ಆನೋಡ್. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳು ಕಂಬಿಯಲ್ಲೇ ಸಾಗಿ ಇನ್ನೊಂದು ಜಾಗದಲ್ಲಿ ಆಮ್ಲಜನಕ ಮತ್ತು ನೀರಿನ ಜತೆ ಸೇರುತ್ತವೆ, ಅದು ಕ್ಯಾಥೋಡ್. ಕ್ಯಾಥೋಡ್ ಆದ ಭಾಗ ಕರಗುವುದಿಲ್ಲ. ಅಂದರೆ ಇಷ್ಟು ವರ್ಷ ಕರಗುತ್ತಿದ್ದ ಜಾಗ ತನ್ನ ಅಕ್ಕಪಕ್ಕದ ಕಂಬಿಯನ್ನು ಒಂದು ರೀತಿಯಲ್ಲಿ ಕಾಪಾಡುತ್ತಿತ್ತು. ಈಗ ಆ ಜಾಗಕ್ಕೆ ಹೊಸ ಗಾರೆ ತುಂಬಿದೆವು, ಅಲ್ಲಿ ಕಂಬಿಗೆ ಹೊಸ ಪೊರೆ ಬಂತು, ಅದು ಕರಗುವುದು ನಿಂತಿತು. ಅಕ್ಕಪಕ್ಕದ ಕಾಂಕ್ರೀಟಿನಲ್ಲಿ ಉಪ್ಪು ಮೊದಲೇ ಕೂತಿದೆ. ಕಾಪಾಡುತ್ತಿದ್ದದ್ದು ಹೋಯಿತು, ಈಗ ಆ ಅಕ್ಕಪಕ್ಕದ ಭಾಗವೇ ಆನೋಡ್ ಆಗುತ್ತದೆ. ಕೆಲವು ವರ್ಷದಲ್ಲಿ ತೇಪೆಯ ಸುತ್ತಲೂ ಹೊಸ ಬಿರುಕು. ತೇಪೆ ಹಾಕಿದ ಜಾಗ ಮಾತ್ರ ಗಟ್ಟಿ ನಿಂತಿರುತ್ತದೆ, ಮೇಸ್ತ್ರಿ ಅದನ್ನೇ ತೋರಿಸಿ "ನಾನು ಮಾಡಿದ್ದು ನೋಡಿ ಸಾರ್, ಹಾಗೇ ಉಂಟು" ಎನ್ನುತ್ತಾರೆ. ಅವರು ಹೇಳುವುದು ನಿಜವೇ, ಆದರೆ ಸುತ್ತಲಿನ ಕಂಬಿಗೆ ಹೊಸ ತುಕ್ಕು ಶುರುವಾಗಿದ್ದು ಆ ತೇಪೆಯಿಂದಲೇ.

ಹಾಗಾದರೆ ಮಾಡುವುದು ಹೇಗೆ? ಒಡೆಯುವ ಮೊದಲು ಸ್ಲ್ಯಾಬಿಗೆ ಜಾಕ್ ಕೊಟ್ಟು ನಿಲ್ಲಿಸಬೇಕು, ಇದನ್ನು ಬಿಡಲೇಬಾರದು. ಕಂಬಿಯ ಹಿಂದೆ ಬೆರಳು ಹೋಗುವಷ್ಟು, ಅಂದರೆ 20-25 ಮಿ.ಮೀ. ಕಾಂಕ್ರೀಟ್ ತೆಗೆದು ಕಂಬಿಯನ್ನು ಪೂರ್ತಿ ಬಿಡಿಸಬೇಕು. ಉದ್ದಕ್ಕೂ ತುಕ್ಕಿಲ್ಲದ ಕಂಬಿ ಸಿಗುವವರೆಗೆ ಒಡೆಯುತ್ತಾ ಹೋಗಬೇಕು. ಕಂಬಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಗುಳಿಗಳಲ್ಲಿ ಸಿಕ್ಕಿಕೊಂಡ ಉಪ್ಪನ್ನು ಸಿಹಿ ನೀರಿನಲ್ಲಿ ತೊಳೆಯಬೇಕು. ಬರೀ ಸಿಮೆಂಟ್ ಮರಳಿನ ಗಾರೆ ಸಾಲದು, ಪಾಲಿಮರ್ ಸೇರಿಸಿದ ರಿಪೇರಿ ಗಾರೆಯೋ, ದೊಡ್ಡ ಜಾಗವಾದರೆ ಸಣ್ಣ ಜಲ್ಲಿಯ, ಹರಿದು ತುಂಬುವ ಮೈಕ್ರೊ ಕಾಂಕ್ರೀಟೋ ಬೇಕು. ಉಪ್ಪಿನ ಕೇಸಾದರೆ ತೇಪೆಯ ಅಂಚಿನಲ್ಲಿ ಕಂಬಿಗೆ ಸತುವಿನ ಸಣ್ಣ ಆನೋಡ್ ಬಿಲ್ಲೆಗಳನ್ನು ಕಟ್ಟುತ್ತಾರೆ. ಕಬ್ಬಿಣದ ಬದಲು ಸತು ಕರಗುತ್ತದೆ, ಪಕ್ಕದ ಕಂಬಿ ಉಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಮೇಲಿನ ಬಚ್ಚಲಿನ ಸೋರಿಕೆ ನಿಲ್ಲಿಸದಿದ್ದರೆ ಸುಮ್ನೆ ದುಡ್ಡು ದಂಡ.

ಅಂಗಡಿಯಲ್ಲಿ "ತುಕ್ಕೇ ಹಿಡಿಯದ ಟಿಎಂಟಿ ಕಂಬಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಕ್ಕು ನಿಧಾನ ಮಾಡುವ ಕಂಬಿಗಳಿವೆ, ಸಾಧಾರಣ ಬೆಲೆಗೆ ತುಕ್ಕನ್ನೇ ಕಾಣದ ಕಂಬಿ ಇಲ್ಲ. ಎಪಾಕ್ಸಿ ಬಳಿದ ಕಂಬಿ ಒಳ್ಳೆಯದೇ, ಆದರೆ ಬಗ್ಗಿಸುವಾಗ, ಎಳೆದಾಡುವಾಗ ಲೇಪ ಕಿತ್ತುಹೋದರೆ ಅಲ್ಲಿಂದಲೇ ಶುರು. ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಮೆಕ್ಸಿಕೋದ ಪ್ರೊಗ್ರೆಸೊ ಬಂದರಿನ ಧಕ್ಕೆ (ಹಡಗು ನಿಲ್ಲುವ ಕಟ್ಟೆ) ಸಾಕ್ಷಿ. 1941ರಲ್ಲಿ ಮುಗಿದ ಅದು ಉಪ್ಪು ನೀರಿನಲ್ಲಿ ಇವತ್ತಿಗೂ ನಿಂತಿದೆ. ಅದರ ಪಕ್ಕದಲ್ಲೇ 1960ರ ದಶಕದಲ್ಲಿ ಮಾಮೂಲಿ ಕಂಬಿ ಹಾಕಿ ಕಟ್ಟಿದ ಇನ್ನೊಂದು ಧಕ್ಕೆ ಹಾಳಾಗಿ ಬಿದ್ದುಹೋಗಿದೆ. ನಮ್ಮ ಮನೆಗಳಿಗೆ ಸ್ಟೇನ್‌ಲೆಸ್ ಎಟುಕುವುದಿಲ್ಲ. ದಟ್ಟ ಕಾಂಕ್ರೀಟು, ಪೂರ್ತಿ ಕವರ್, ಬಿಡದೆ ಕ್ಯೂರಿಂಗ್, ಇವು ಎಟುಕುತ್ತವೆ.

ಮುಂದೆ ಮೇಲಂತಸ್ತು ಕಟ್ಟುವ ಆಸೆಗೆ ಕಂಬದ ತುದಿಯಲ್ಲಿ ಕಂಬಿ ಬಿಟ್ಟಿರುತ್ತೀರಲ್ಲ, ಅದನ್ನೂ ಒಮ್ಮೆ ಹತ್ತಿ ನೋಡಿ. ಹತ್ತು ಹದಿನೈದು ಮಳೆಗಾಲ ನೆಂದು, ಬುಡದಲ್ಲಿ ಕಾಂಕ್ರೀಟ್ ಸೇರುವ ಜಾಗದಲ್ಲೇ ಸೊಂಟ ಸಣ್ಣಗಾಗಿರುತ್ತದೆ. ಬಿಡಲೇಬೇಕು ಎಂದಿದ್ದರೆ ಸುತ್ತ ಬಡ ಕಾಂಕ್ರೀಟ್ (ಸಿಮೆಂಟು ಕಡಿಮೆ ಇರುವುದು) ಹಾಕಿ ಮುಚ್ಚಿಡಿ, ಬೇಕಾದಾಗ ಒಡೆದು ತೆಗೆಯಬಹುದು. ಕಂಬಿ ಕಟ್ಟುವ ಹೊತ್ತಿಗೆ ಮೈಮೇಲೆ ತೆಳುವಾಗಿ ಕೆಂಪು ಕಂಡರೆ ಗಾಬರಿ ಬೇಡ, ಅದರಿಂದ ಹಿಡಿತ ಕೆಡುವುದಿಲ್ಲ. ಹಾಳೆಹಾಳೆಯಾಗಿ ಏಳುತ್ತಿದ್ದರೆ ವಾಪಸ್ ಕಳಿಸಿ. ತಾರಸಿಯ ಮೇಲೆ ತಗಡಿನ ಶೀಟ್ ಹಾಕಿಸುವವರನ್ನು ನೋಡಿ ಮನೆ ಅಂದ ಕೆಟ್ಟಿತು ಎನ್ನುವವರಿದ್ದಾರೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಸ್ಲ್ಯಾಬನ್ನು ಒಣಗಿಸಿಡುವ ಯಾವ ಉಪಾಯವೂ ಒಳ್ಳೆಯದೇ. ನೀರಿಲ್ಲದೆ ತುಕ್ಕು ಮುಂದೆ ಹೋಗುವುದಿಲ್ಲ.

ರಿಪೇರಿ ಮಾಡಬೇಕೋ ಕೆಡವಬೇಕೋ ಎಂದು ಕೇಳಿದರೆ ನಾನು ಕ್ಯಾಲಿಪರ್ ತೆಗೆಯುತ್ತೇನೆ. ತುಕ್ಕು ಉಜ್ಜಿದ ಮೇಲೆ 12 ಮಿ.ಮೀ. ಕಂಬಿ 10ಕ್ಕೆ ಬಂದಿದ್ದರೆ ಹೋದದ್ದು ಎರಡೇ ಮಿಲಿಮೀಟರ್ ಅನಿಸುತ್ತದೆ, ಆದರೆ ಭಾರ ಹೊರುವ ಉಕ್ಕು ಶೇಕಡಾ 30ರಷ್ಟು ಹೋಗಿರುತ್ತದೆ. 8 ಮಿ.ಮೀ. ಕಂಬಿ 6 ಆಗಿದ್ದರೆ ಶೇಕಡಾ 44. ಅಂಥ ಕಡೆ ಬರೀ ಗಾರೆ ತುಂಬಿ ಪ್ರಯೋಜನ ಇಲ್ಲ, ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕು, ಅದನ್ನು ಲೆಕ್ಕ ಹಾಕಿ ಹೇಳುವ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಸಜ್ಜಾ ಆಗಿದ್ದರೆ ನಾನು ರಿಪೇರಿಯನ್ನೇ ಹೇಳುವುದಿಲ್ಲ. ಅಡಿಗೆ ಜಾಕ್ ಕೊಟ್ಟು, ಗೋಡೆಯ ಅಂಚಿಗೆ ಜೋಪಾನವಾಗಿ ಕತ್ತರಿಸಿ ತೆಗೆಸಿ, ಉಳಿದ ಕಂಬಿಯ ತುದಿಗಳನ್ನು ಒಳಗೆ ಕೊರೆದು ಮುಚ್ಚಿಸಿ, ಆ ಜಾಗಕ್ಕೆ ಬ್ರ್ಯಾಕೆಟ್ ಮೇಲೆ ಹಗುರ ಶೀಟ್ ಹಾಕಿಸಿ ಎನ್ನುತ್ತೇನೆ. ಸರಿಯಾದ ರಿಪೇರಿಗಿಂತ ಖರ್ಚೂ ಕಡಿಮೆ, ಕಿಟಕಿಗೆ ಮಳೆಯೂ ಹೊಡೆಯುವುದಿಲ್ಲ.